ರಿಯಾದಿನಿಂದ ನಮ್ಮ ಬೀದಿಗೆ

ನಮ್ಮ ಬೀದಿಯಲ್ಲಿ ಸಾಯುವವರು ಬಹಳ ವರ್ಷಗಳಿಂದ ಒಂದು ಶಿಸ್ತನ್ನು ಪಾಲಿಸಿಕೊಂಡು ಬಂದಿದ್ದರು. ಬೆಳಗ್ಗೆ ಸತ್ತರೆ ಸಂಜೆಯೊಳಗೆ ಮಣ್ಣು, ಸಂಜೆ ಸತ್ತರೆ ಮಾರನೆಯ ಮಧ್ಯಾಹ್ನದೊಳಗೆ. ಅಷ್ಟು ಹೊತ್ತು ಬೀದಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಹೆಣ ಬೀದಿ ದಾಟುವ ತನಕ ಲಾಳಿ ಓಡಬಾರದು, ಓಡಿದರೆ ಹೊರಟವನ ದಾರಿಗೆ ನೂಲು ಅಡ್ಡ ಕಟ್ಟಿದಂತಾಗುತ್ತದೆ ಎಂದು ಕೈಮಗ್ಗದ ಕಾಲದವರು ಹೇಳಿಹೋಗಿದ್ದರು. ಮಗ್ಗಕ್ಕೆ ಕರೆಂಟು ಬಂದ ಮೇಲೂ ಮಾತು ಹಾಗೇ ಉಳಿದಿತ್ತು. ದೊಡ್ಡಬಳ್ಳಾಪುರದ ಬೇರೆ ಬೀದಿಗಳವರು ನಮ್ಮನ್ನು ನೋಡಿ ನಗುತ್ತಿದ್ದರು. ಅವರಲ್ಲಿ ಹೆಣದ ಮುಂದಿನ ತಮಟೆಯೂ ಮಗ್ಗದ ಸದ್ದೂ ಪೈಪೋಟಿಯ ಮೇಲೆ ನಡೆಯುತ್ತಿದ್ದವು.

ನಮ್ಮಲ್ಲಿ ಹಾಗಾಗದಂತೆ ನೋಡಿಕೊಂಡವರು ನರಸಿಂಹಯ್ಯ. ಅವರನ್ನು ಯಾರೂ ಆ ಕೆಲಸಕ್ಕೆ ನೇಮಿಸಿರಲಿಲ್ಲ. ಲಾಳಿಯೊಳಗಿನ ಕಂಡಿಕೆಗೆ ಕೂಲಿಗೆ ನೂಲು ಸುತ್ತುವ ಅಮ್ಮಯಮ್ಮನ ಗಂಡ ತೀರಿಕೊಂಡಾಗ ಮದುವೆಯ ಕಾಲ, ಸೀರೆಗೆ ಬೇಡಿಕೆ ಇದ್ದ ಹೊತ್ತು. ಎದುರು ಮನೆಯ ಚಿನ್ನಸ್ವಾಮಿ, “ಕೂಲಿಯವರ ಮನೆ ಸಾವಿಗೂ ನಿಲ್ಸಿದ್ರೆ ನಾವು ಮಗ್ಗ ಇಟ್ಟಿರೋದು ಯಾಕೆ” ಎಂದು ತನ್ನ ಮಗ್ಗಗಳನ್ನು ಓಡಿಸುತ್ತಲೇ ಇದ್ದ. ನರಸಿಂಹಯ್ಯ ಚಪ್ಪಲಿ ಬಿಟ್ಟು ಒಳಗೆ ಹೋದರು, ಮೇನ್ ಸ್ವಿಚ್ಚು ಎಳೆದರು, ಹೊರಗೆ ಬಂದು ಮತ್ತೆ ಚಪ್ಪಲಿ ಮೆಟ್ಟಿದರು. ಸ್ವಿಚ್ಚು ಎಳೆದದ್ದಕ್ಕಿಂತ ಚಪ್ಪಲಿ ಬಿಟ್ಟು ಬಂದದ್ದು ಚಿನ್ನಸ್ವಾಮಿಗೆ ಹೆಚ್ಚು ಅವಮಾನವಾಗಿ ಕಂಡಿತು. ಆದರೆ ಅಂದಿನಿಂದ ಅವನು ಸಾವಿನ ಸುದ್ದಿ ಬಂದ ಕೂಡಲೇ ಎಲ್ಲರಿಗಿಂತ ಮೊದಲು ಮಗ್ಗ ನಿಲ್ಲಿಸಿ, ನಿಲ್ಲಿಸಿದ್ದೇನೆಂದು ನಾಲ್ಕು ಜನಕ್ಕೆ ಕಾಣುವಂತೆ ಬಾಗಿಲಲ್ಲಿ ನಿಲ್ಲುತ್ತಿದ್ದ.

ನರಸಿಂಹಯ್ಯನವರ ಒಬ್ಬನೇ ಮಗ ನಂದಕುಮಾರ ರಿಯಾದಿನಲ್ಲಿ ಏರ್ ಕಂಡೀಷನರ್ ರಿಪೇರಿ ಮಾಡುತ್ತಿದ್ದ. ಐಟಿಐ ಮಾಡಿದ್ದ. ಮನೆಯಲ್ಲಿದ್ದ ಎರಡು ಮಗ್ಗಕ್ಕೆ ಇಬ್ಬರು ಗಂಡಸರು ಬೇಡವೆಂದು ಮದುವೆಯಾದ ಮರುವರ್ಷವೇ ಹೊರಟುಹೋಗಿದ್ದ. ಹೆಂಡತಿ ಅರುಣಾ ಮಾವನ ಜೊತೆ ಇಲ್ಲೇ ಉಳಿದಿದ್ದಳು. ಅತ್ತೆ ನಾರಾಯಣಮ್ಮ ಇವಳು ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ನಂದಕುಮಾರ ಶುಕ್ರವಾರ ರಜೆಯ ದಿನ ಬೀದಿ ಮೂಲೆಯ ಮುನಿಕೃಷ್ಣನ ಎಸ್‌ಟಿಡಿ ಬೂತಿಗೆ ಫೋನು ಮಾಡುತ್ತಿದ್ದ. ಇಡೀ ಬೀದಿಗೆ ಇದ್ದದ್ದು ಅದೊಂದೇ ಫೋನು.

ತೊಂಬತ್ತನಾಲ್ಕರ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಂಗಳವಾರ ಬೆಳಗ್ಗೆ ಫೋನು ಬಂತು. ಮಾತಾಡಿದವನು ನಂದಕುಮಾರನ ಕೋಣೆಯಲ್ಲಿದ್ದ ಕಡಪದ ಕಡೆಯವನು. ರಾತ್ರಿ ಊಟಕ್ಕೆ ಕೂತವನು ಎದೆ ಹಿಡಿದುಕೊಂಡ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು ಎಂದು ತೆಲುಗಿನಲ್ಲಿ ಹೇಳಿದ. ನಮ್ಮ ಕಡೆ ತೆಲುಗು ಎಲ್ಲರಿಗೂ ಅರ್ಥವಾಗುತ್ತದೆ. ಅವತ್ತೊಂದು ದಿನ ಅರ್ಥವಾಗದೆ ಹೋಗಿದ್ದರೆ ಚೆನ್ನಾಗಿತ್ತು ಎಂದು ಮುನಿಕೃಷ್ಣ ಆಮೇಲೆ ಹೇಳುತ್ತಿದ್ದ.

ಚಿನ್ನಸ್ವಾಮಿ ಮೊದಲು ನಿಲ್ಲಿಸಿದ. ಅರ್ಧ ಗಂಟೆಯಲ್ಲಿ ಇಡೀ ಬೀದಿ ನಿಂತಿತು.

ಸಾವಿನ ಮನೆಯ ಮುಂದೆ ನೆರೆದವರ ಮೊದಲ ಪ್ರಶ್ನೆ ಯಾವಾಗಲೂ ‘ಹೇಗಾಯಿತು’ ಎಂಬುದು, ಎರಡನೆಯದು ‘ಎಷ್ಟು ಹೊತ್ತಿಗೆ ಎತ್ತುತ್ತಾರೆ’ ಎಂಬುದು. ಈ ಸಲ ಎರಡನೆಯದಕ್ಕೆ ಉತ್ತರ ಕೊಡಬಲ್ಲವನು ಒಬ್ಬನೇ ಇದ್ದ. ಸೀರೆ ವ್ಯಾಪಾರದ ಪಿಳ್ಳಣ್ಣ ಒಮ್ಮೆ ಬೊಂಬಾಯಿಗೆ ವಿಮಾನದಲ್ಲಿ ಹೋಗಿಬಂದಿದ್ದ. ಹತ್ತುವಾಗ ಹರಿದು ಕೊಟ್ಟಿದ್ದ ಚೀಟಿಯ ತುಂಡು ಅವನ ಅಂಗಡಿಯಲ್ಲಿ ದೇವರ ಪಟದ ಚೌಕಟ್ಟಿಗೆ ಇನ್ನೂ ಸಿಕ್ಕಿಕೊಂಡಿತ್ತು. ಆಕಾಶಕ್ಕೆ ಸಂಬಂಧಪಟ್ಟ ಸಂಗತಿಗಳೆಲ್ಲ ಬೀದಿಯಲ್ಲಿ ಅವನ ಖಾತೆ.

ಪಿಳ್ಳಣ್ಣ ತನ್ನ ಮಗಳು ಧನುಶ್ರೀಯ ಶಾಲೆಯ ಅಟ್ಲಾಸು ತರಿಸಿದ. ಜಗುಲಿಯ ಮೇಲೆ ಬಿಚ್ಚಿ, ಅಳೆಯಲು ಒಂದು ಎಳೆ ಬೇಕೆಂದ. ಯಾರೋ ರೇಷ್ಮೆ ಎಳೆ ಕೊಟ್ಟರು. ಅದು ನಕಾಶೆಯ ಮೇಲೆ ಜಾರಿತು. ಅಮ್ಮಯಮ್ಮ ಸೊಂಟದಿಂದ ಹತ್ತಿ ದಾರ ತೆಗೆದುಕೊಟ್ಟಳು. ಪಿಳ್ಳಣ್ಣ ಅದರ ಒಂದು ತುದಿಯನ್ನು ರಿಯಾದಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ, ಸಮುದ್ರದ ಮೇಲೆ ಬಿಗಿಯಾಗಿ ಎಳೆದು, ಬೊಂಬಾಯಿಯಲ್ಲಿ ಉಗುರಿನಿಂದ ಗುರುತು ಮಾಡಿದ.

“ಎರಡು ಸಾವಿರದ ಎಂಟುನೂರು ಕಿಲೋಮೀಟ್ರು, ಹತ್ತಿರ ಹತ್ತಿರ. ವಿಮಾನಕ್ಕೆ ನಾಲ್ಕು ಗಂಟೆ” ಎಂದ.

“ನೀನು ದಾರಾನ ನೆಟ್ಟಗೆ ಎಳ್ದಿದೀಯ” ಎಂದ ಚಿನ್ನಸ್ವಾಮಿ. “ಸಮುದ್ರ ಗಿಮುದ್ರ ಸುತ್ಕೊಂಡು ಬರಬೇಕಾಗಲ್ವಾ?”

“ಲೇ, ಅದೇನು ನೆಲಮಂಗಲದ ಬಸ್ಸೇನ್ಲಾ, ಊರೂರು ಸುತ್ಕೊಂಡು ಬರಕ್ಕೆ? ಮೇಲ್ಗಡೆ ಎಲ್ಲಾ ನೆಟ್ಟಗೇ ಕಣೋ.”

“ಸರಿ, ಆಮೇಲೆ?”

“ಬೊಂಬಾಯಲ್ಲಿ ಇಳಿದು ಹತ್ತೋಕೆ ಒಂದು ಗಂಟೆ. ಅಲ್ಲಿಂದ ಬೆಂಗಳೂರಿಗೆ ಒಂದೂವರೆ, ಅದು ನಾನೇ ಕೂತ್ಕೊಂಡು ನೋಡಿರೋದು. ಏರ್‌ಪೋರ್ಟಿಂದ ಹೆಬ್ಬಾಳ, ಯಲಹಂಕ, ಇಲ್ಲಿಗೆ ಎರಡು. ಒಟ್ಟು ಒಂಬತ್ತು ಗಂಟೆ ಅಂತ ಇಟ್ಕೊಳ್ರಿ.”

“ಅಷ್ಟೇನಾ!” ಎಂದಳು ಅಮ್ಮಯಮ್ಮ. “ನಮ್ಮ ಯಜಮಾನನ್ನ ಬೂದಿಗೆರೆಯಿಂದ ಗಾಡೀಲಿ ತರೋಕೆ ಅದಕ್ಕಿಂತ ಜಾಸ್ತಿ ಹಿಡೀತಲ್ಲಪ್ಪ.”

ದುಃಖದ ನಡುವೆಯೂ ಜನಕ್ಕೆ ಒಂದು ಬಗೆಯ ಬೆರಗಾಯಿತು. ಮೂರು ವರ್ಷದಿಂದ ಕಾಣದ ನಂದಕುಮಾರ ಇಷ್ಟು ಹತ್ತಿರದಲ್ಲಿದ್ದ ಎಂದು ಯಾರಿಗೂ ಗೊತ್ತಿರಲಿಲ್ಲ. ಬೆಳಗ್ಗೆ ಹೊರಟರೆ ಸಂಜೆಗೆ ಬಂದುಬಿಡಬಹುದಿತ್ತು. ಪಿಳ್ಳಣ್ಣನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ವಿಮಾನಗಳು ಹಾಗೇ ಬರುತ್ತವೆ. ಅಂಥದೊಂದರೊಳಗೆ ನಂದಕುಮಾರ ಇರಬೇಕಿತ್ತು, ಅಷ್ಟೆ. ಅದನ್ನು ಯಾರೂ ಕೇಳಲಿಲ್ಲ. ನಾಳೆ ಹೊತ್ತೇರುವುದರೊಳಗೆ ಹೆಣ ಬರುತ್ತದೆಂದು ತೀರ್ಮಾನವಾಯಿತು. ಮಧ್ಯಾಹ್ನವೇ ಕೆರೆಯ ಆಚೆ ಗುಂಡಿಯನ್ನೂ ತೋಡಿಸಿದರು.

ನಾಳೆ ಬಂತು, ನಾಡಿದ್ದೂ ಬಂತು. ಫೋನು ಮಾತ್ರ ಬರುತ್ತಿತ್ತು. ಪೊಲೀಸರ ಕಾಗದ ಆಗಬೇಕು, ಆಸ್ಪತ್ರೆಯ ಕಾಗದ ಆಗಬೇಕು, ಕೆಲಸಕ್ಕೆ ಇಟ್ಟುಕೊಂಡವನ ಸಹಿ ಆಗಬೇಕು, ಅವನು ಊರಲ್ಲಿಲ್ಲ ಎಂದು ಕಡಪದವನು ಒಂದೊಂದು ದಿನ ಒಂದೊಂದು ಹೇಳುತ್ತಿದ್ದ. ಮಳೆ ಬಂದು ಗುಂಡಿ ತುಂಬಿತು. ತೋಡಿದ ಗುಂಡಿ ಬರಿದಾಗಿದ್ದರೆ ಬೇರೆ ಯಾರನ್ನಾದರೂ ಕೇಳುತ್ತದೆಂದು ಅದರ ಮೇಲೆ ಮುಳ್ಳು ಹಾಸಿ ಕಲ್ಲು ಹೇರಿದರು.

“ನನ್ನನ್ನೇ ಕೇಳ್ಲಿ ಬಿಡ್ರಪ್ಪ” ಎಂದಳು ಅಮ್ಮಯಮ್ಮ. “ಕಂಡಿಕೆ ಇಲ್ಲ, ಕೂಲಿ ಇಲ್ಲ. ಅಲ್ಲಾದ್ರೂ ಹೋಗಿ ಮಲಗಿದ್ರೆ ಸೊಂಟಕ್ಕೆ ತಂಪು.”

ಪಿಳ್ಳಣ್ಣನನ್ನು ಜನ ಹಿಡಿದುಕೊಂಡರು. “ಏನಪ್ಪಾ, ಎಲ್ಲಿ ನಿನ್ನ ಒಂಬತ್ತು ಗಂಟೆ?”

“ಹಾರೋದ್ರಲ್ಲಿ ತಪ್ಪಿಲ್ಲ” ಎಂದು ಅವನು ಬಿಟ್ಟುಕೊಡಲಿಲ್ಲ. “ಹೊರಡೋದ್ರಲ್ಲಿ ತಡ. ಹೊರಡೋದು ನನ್ನ ಲೆಕ್ಕಕ್ಕೆ ಬರಲ್ಲ.”

ವಾರದ ಕೊನೆಗೆ ಚಿನ್ನಸ್ವಾಮಿಯೇ ಮುಂದಾಗಿ ನಾಲ್ಕು ಜನರ ಜೊತೆ ನರಸಿಂಹಯ್ಯನವರ ಜಗುಲಿಗೆ ಬಂದ. ದೀಪಾವಳಿಯ ಸೀರೆಗಳು ಅರ್ಧಕ್ಕೇ ನಿಂತಿದ್ದವು. ಯಾರೂ ಅದನ್ನು ಹೇಳಲಿಲ್ಲ. ಮಳೆಯ ವಿಷಯ ಮಾತಾಡಿದರು. ಕೊನೆಗೆ ನರಸಿಂಹಯ್ಯನವರೇ, “ನಾನು ಯಾರಿಗೂ ನಿಲ್ಸಿ ಅಂತ ಹೇಳಿಲ್ಲ” ಎಂದರು.

ಅದಕ್ಕಿಂತ ದೊಡ್ಡ ಅಪ್ಪಣೆ ಬೇರೆ ಇರಲಿಲ್ಲ. ಬಂದವರು ಕಾಲು ನೋಡಿಕೊಂಡು ಕೂತರು.

ಆಗ ಪಿಳ್ಳಣ್ಣ ಒಂದು ದಾರಿ ಹುಡುಕಿದ. “ನರಸಿಂಹಣ್ಣ, ತಪ್ಪು ತಿಳ್ಕೋಬೇಡಿ. ಲಾಳಿ ಯಾಕೆ ನಿಲ್ಲಿಸ್ತೀವಿ? ಹೊರಟೋನ ದಾರಿಗೆ ಅಡ್ಡ ಆಗಬಾರದು ಅಂತ. ನಮ್ಮ ನಂದ ಇನ್ನೂ ಹೊರಟೇ ಇಲ್ಲ. ಹೊರಡದೆ ಇರೋನಿಗೆ ದಾರಿ ಎಲ್ಲಿಂದ ಬಂತು? ವಿಮಾನ ಎದ್ದ ಗಳಿಗೆಯಿಂದ ನಿಲ್ಲಿಸೋಣ. ಅಲ್ಲಿಂದ ಒಂಬತ್ತು ಗಂಟೆ ಬೀದೀಲಿ ಒಂದು ಲಾಳಿ ಅಲ್ಲಾಡಿದ್ರೆ ನನ್ನ ಕೇಳಿ.”

ಧರ್ಮಶಾಸ್ತ್ರ ಹೀಗೂ ಬೆಳೆಯುತ್ತದೆ. ನರಸಿಂಹಯ್ಯ, “ಅವನು ಈ ಬೀದಿಯಿಂದ ಹೋಗುವಾಗ ಸದ್ದಿರಬಾರದು. ಅಷ್ಟೇ ನಾನು ಕೇಳೋದು. ಇನ್ನೇನೂ ಕೇಳಲ್ಲ” ಎಂದರು. ಎಲ್ಲರೂ ಆಯಿತೆಂದು ತಲೆಯಾಡಿಸಿದರು. ಚಿನ್ನಸ್ವಾಮಿ ಅವರ ಮೊಣಕಾಲು ಮುಟ್ಟಿ, “ನನ್ನ ಮೇಲೆ ಬಿಡಿ ಅಣ್ಣ” ಎಂದ.

ಸಂಜೆಗೆ ಮಗ್ಗಗಳು ಶುರುವಾದವು. ನರಸಿಂಹಯ್ಯನವರ ಎರಡು ಮಗ್ಗ ಮಾತ್ರ ಬಟ್ಟೆ ಹೊದ್ದುಕೊಂಡು ನಿಂತಿದ್ದವು. ಸುತ್ತಲ ಸದ್ದಿಗೆ ಮನೆಯ ಗೋಡೆ ಅದುರುತ್ತಿತ್ತು. ಒಳಗೆ ಮಾವ ಸೊಸೆ ಇಬ್ಬರೇ ಕೂತಿರುತ್ತಿದ್ದರು.

ಅರುಣಾಳ ಸ್ಥಿತಿ ಯಾವ ಲೆಕ್ಕಕ್ಕೂ ಸೇರಿರಲಿಲ್ಲ. ಹೆಣ ಬರದೆ ಬಳೆ ತೆಗೆಸುವ ಹಾಗಿಲ್ಲ. ಸುದ್ದಿ ಬಂದ ಮೇಲೆ ಕುಂಕುಮ ಇಡುವ ಹಾಗೂ ಇಲ್ಲ. ನೋಡಲು ಬಂದ ಹೆಂಗಸರು ಅಳಬೇಕೋ ಧೈರ್ಯ ಹೇಳಬೇಕೋ ತಿಳಿಯದೆ ಅಡುಗೆ ಏನು ಮಾಡಿದೆ ಎಂದು ಕೇಳಿ ಎದ್ದುಹೋಗುತ್ತಿದ್ದರು. ಒಂದು ಮಧ್ಯಾಹ್ನ ಅವಳು ಮಾವನ ಮುಂದೆ ಅನ್ನದ ತಟ್ಟೆ ಇಟ್ಟು, ಗೋಡೆಗೆ ಒರಗಿ ನಿಂತಳು.

“ಮಾವ, ಅವರು ಫೋನಲ್ಲಿ ಮೊದಲು ಏನು ಕೇಳ್ತಿದ್ರು ಗೊತ್ತಾ? ರಿಸೀವರನ್ನ ಬೀದಿ ಕಡೆ ಹಿಡಿ ಅಂತಿದ್ರು. ಮಗ್ಗದ ಸದ್ದು ಕೇಳಕ್ಕೆ. ಒಂದೊಂದು ನಿಮಿಷ ಹಾಗೇ ಕೇಳೋರು. ಮುನಿಕೃಷ್ಣ ಬೈಯೋನು, ಮಾತಾಡ್ರಕ್ಕ, ಪಾಪ ಅವರಿಗೆ ದುಡ್ಡು ಓಡ್ತಾ ಐತೆ ಅಂತ.”

ನರಸಿಂಹಯ್ಯ ಅನ್ನ ಕಲಸುತ್ತ, “ಬದುಕಿದ್ದಾಗಿನ ಮಾತು ಬೇರೆ” ಎಂದರು.

“ನನಗೆ ಅವರ ಮುಖ ಒಂದ್ಸಲ ನೋಡಿದ್ರೆ ಸಾಕು. ಸದ್ದಿದ್ರೂ ಸರಿ, ಇಲ್ಲದಿದ್ರೂ ಸರಿ.”

ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯಿತು.

ದೀಪಾವಳಿಗೆ ಸ್ವಲ್ಪ ಮೊದಲು, ಒಂದು ಬೆಳಗ್ಗೆ ಆರಕ್ಕೆ, ಕಡಪದವನು ಫೋನು ಮಾಡಿ ವಿಮಾನ ಎದ್ದಿತೆಂದು ಹೇಳಿದ. ಪಿಳ್ಳಣ್ಣ ಬನಿಯನ್ನಿನಲ್ಲೇ ಓಡಿಬಂದು, “ಮೂರು ಗಂಟೆಗೆ ಇಲ್ಲಿರ್ತಾನೆ” ಎಂದು ಸಾರಿದ. ಮಗ್ಗಗಳು ನಿಂತವು. ಚಿನ್ನಸ್ವಾಮಿ ಮನೆಮನೆಗೆ ಹೋಗಿ ನೋಡಿಕೊಂಡು ಬಂದ. ಗುಂಡಿಯ ನೀರು ಮೊಗೆಯಲು ಆಳು ಹೋದ. ಬಾಡಿಗೆಯ ಮೆಟಡೋರಿನಲ್ಲಿ ನರಸಿಂಹಯ್ಯ ಏರ್‌ಪೋರ್ಟಿಗೆ ಹೊರಟರು. ಜೊತೆಗೆ, ಅಲ್ಲಿಯ ಸಾಹೇಬರ ಹತ್ತಿರ ನಾಲ್ಕು ಮಾತು ಇಂಗ್ಲಿಷು ಹಿಂದಿ ಆಡಲೆಂದು ಮುನಿಕೃಷ್ಣ. ಪಿಳ್ಳಣ್ಣನೇ ಹೋಗಬೇಕಿತ್ತು. “ನಾನು ಇಲ್ಲಿ ಟೈಮ್ ನೋಡ್ಕೋತೀನಿ” ಎಂದ. ಮುನಿಕೃಷ್ಣ ಬೂತಿಗೆ ಬೀಗ ಹಾಕಿ, ಬೀಗದ ಕೈ ಅಂಗಿಯ ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿದ. ಬೀದಿಯ ಒಂದೇ ಫೋನಿಗೆ ಬೀಗ ಬಿತ್ತೆಂದು ಅವನಿಗೂ ಹೊಳೆಯಲಿಲ್ಲ, ಬೀಳ್ಕೊಡಲು ನಿಂತ ನಮ್ಮ ಯಾರಿಗೂ ಹೊಳೆಯಲಿಲ್ಲ.

ಏರ್‌ಪೋರ್ಟಿನಲ್ಲಿ ಅವರಿಬ್ಬರೂ ಜನ ಹೊರಗೆ ಬರುವ ಬಾಗಿಲಲ್ಲಿ, ಹೂವಿನ ಹಾರ ಹಿಡಿದು ನಿಂತವರ ನಡುವೆ ಕಾದರು. ಬೊಂಬಾಯಿಯ ವಿಮಾನ ಬಂತು. ಸೂಟ್‌ಕೇಸುಗಳು ಬಂದವು, ನಗುವವರು ಬಂದರು, ನಿದ್ದೆಗೆಟ್ಟ ಮಕ್ಕಳು ಬಂದವು. ಎಲ್ಲರೂ ಮುಗಿದ ಮೇಲೆ ಒಬ್ಬ ಸಿಪಾಯಿ ವಿಷಯ ಕೇಳಿ, “ಅಯ್ಯೋ, ಅದು ಇಲ್ಲಿ ಬರಲ್ಲ ಸ್ವಾಮಿ, ಸರಕಿನ ಕಡೆ ಹೋಗಿ” ಎಂದ. ಹಿಂದಿನ ಗೇಟಿಗೆ ಸುತ್ತಿಕೊಂಡು ಹೋದರು. ಅಲ್ಲಿಯ ಗುಮಾಸ್ತ ಕಾಗದ ನೋಡಿ, ಪೆಟ್ಟಿಗೆ ಬೊಂಬಾಯಿಯಲ್ಲೇ ಇದೆ, ಈ ವಿಮಾನದಲ್ಲಿ ಜಾಗವಿರಲಿಲ್ಲ, ನಾಳೆ ಬಂದೀತು ಎಂದ. ಪಿಳ್ಳಣ್ಣ ಅಳೆದದ್ದು ಕೂತು ಬರುವವರ ದಾರಿ. ಮಲಗಿ ಬರುವವರು ಜಾಗ ಇದ್ದಾಗ ಬರುತ್ತಾರೆ.

ಮುನಿಕೃಷ್ಣ ಬೂತ್ ಹುಡುಕಿ ಫೋನು ಮಾಡಲು ಹೋದ. ನಂಬರು ಒತ್ತಿದ ಮೇಲೆ ತಾನು ಯಾರಿಗೆ ಮಾಡುತ್ತಿದ್ದೇನೆಂದು ತಿಳಿಯಿತು. ಆದರೂ ಬಿಡಲಿಲ್ಲ. ಯಾರಾದರೂ ಬೀಗ ಒಡೆದು ಎತ್ತಿಯಾರೆಂದು ಮತ್ತೆ ಮತ್ತೆ ಮಾಡಿದ.

ಇಲ್ಲಿ ನಮಗೆ ಅದು ಕೇಳಿಸಿತು. ಮೂರು ದಾಟಿ, ನಾಲ್ಕು ದಾಟಿ, ಮಗ್ಗವಿಲ್ಲದ ಬೀದಿಯಲ್ಲಿ ಬೀಗ ಹಾಕಿದ ಬೂತಿನೊಳಗೆ ಫೋನು ಬಡಿದುಕೊಳ್ಳುತ್ತಿತ್ತು. ಜನ ಸುತ್ತ ನಿಂತು ಗಾಜಿನೊಳಗೆ ಅದನ್ನೇ ನೋಡುತ್ತಿದ್ದರು.

“ಒಡೀರೋ, ಅವರದೇ ಇರಬೇಕು” ಎಂದ ಪಿಳ್ಳಣ್ಣ.

“ಯಾರ ಬೀಗ ಯಾರು ಒಡೀತಾರೆ?” ಎಂದ ಚಿನ್ನಸ್ವಾಮಿ. “ಮುನಿಕೃಷ್ಣ ಬರಲಿ, ಕೇಳ್ಬಿಟ್ಟು ಒಡಿಯೋಣ.”

ಯಾರೂ ನಗಲಿಲ್ಲ. ಆ ಮಾತು ನಮಗೆ ಸರಿಯಾಗಿಯೇ ಕಂಡಿತ್ತು.

ಹೊತ್ತು ಮುಳುಗಿತು. ಕತ್ತಲಾದ ಮೇಲೆ ಮಣ್ಣು ಮಾಡುವುದಿಲ್ಲ, ಆದ್ದರಿಂದ ಇವತ್ತು ಬರಲಾರ ಎಂದು ಒಬ್ಬರು ಅಂದರು. ಒಂಬತ್ತು ಗಂಟೆಯ ಮಾತು ಹನ್ನೆರಡು ಗಂಟೆ ಆಯಿತಲ್ಲ ಎಂದು ಇನ್ನೊಬ್ಬರು ಅಂದರು. ಮೊದಲು ಯಾರ ಮನೆಯ ಮಗ್ಗ ಶುರುವಾಯಿತೆಂದು ಇವತ್ತಿಗೂ ಒಮ್ಮತವಿಲ್ಲ. ಚಿನ್ನಸ್ವಾಮಿ ತನ್ನದಲ್ಲ ಎನ್ನುತ್ತಾನೆ. ಶುರುವಾದ ಮೇಲೆ ಫೋನು ಬಡಿದುಕೊಂಡರೂ ಕೇಳಿಸುವಂತಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮೆಟಡೋರು ಬಂದು ಬೀದಿಯ ಮೂಲೆಯಲ್ಲಿ, ಬೂತಿನ ಮುಂದೆ ನಿಂತಿತು. ಹಿಂದೆ ಪೆಟ್ಟಿಗೆ, ಪಕ್ಕದಲ್ಲಿ ರಾತ್ರಿಯೆಲ್ಲ ಸರಕಿನ ಗೇಟಿನ ಮುಂದೆ ಕೂತು ಬಂದ ನರಸಿಂಹಯ್ಯ. ಬೀದಿಯ ಬಾಯಿಂದ ಮಗ್ಗಗಳ ಸದ್ದು ಒಟ್ಟಾಗಿ ಹೊರಬರುತ್ತಿತ್ತು. ಆಮೇಲಿನದನ್ನು ಮುನಿಕೃಷ್ಣ ಹೇಳಿದ್ದಾನೆ.

“ಅವರಿಗೆ ಗೊತ್ತಿಲ್ಲ ನರಸಿಂಹಣ್ಣ” ಎಂದು ಅವನು ಗಾಡಿಯಿಂದ ಇಳಿದ. “ಒಂದು ನಿಮಿಷ. ಓಡಿಹೋಗಿ ಹೇಳ್ಬಿಟ್ಟು ಬರ್ತೀನಿ. ಎಲ್ಲಾ ನಿಲ್ಲಿಸ್ತಾರೆ.”

“ಬೇಡ. ಹೇಳಿಸ್ಕೊಂಡು ನಿಲ್ಲಿಸಿದ್ರೆ ಅದು ನಿಲ್ಲಿಸಿದಂಗಾ?”

“ನೀವೇ ಅವತ್ತು ಚಿನ್ನಸ್ವಾಮಿ ಮನೆ ಸ್ವಿಚ್ಚು ಎಳೀಲಿಲ್ವಾ?”

“ಅದು ಬೇರೆಯವರ ಹೆಣ. ಬೇರೆಯವರಿಗಾದ್ರೆ ಜಗಳ ಆಡಿಯಾದ್ರೂ ಕೇಳಬಹುದು. ನನ್ನ ಮಗನಿಗೆ ನಾನೇ ಬೇಡ್ಕೊಂಡು ಹೋಗಲ್ಲ.” ಡ್ರೈವರನ ಭುಜ ಮುಟ್ಟಿ, “ಈ ಕಡೆ ಬೇಡಪ್ಪ, ಕೆರೆ ಏರಿ ಮೇಲೆ ನಡಿ. ನೆಟ್ಟಗೆ ಅಲ್ಲಿಗೇ” ಎಂದರು.

“ಅರುಣಕ್ಕ ಕಾಯ್ತಾ ಇರ್ತಾರಣ್ಣ.”

“ಅವಳಿಗೆ ಮಾತ್ರ ಹೇಳು. ತಲೆಗೆ ನೀರು ಹಾಕ್ಕೊಳ್ಳಲಿ” ಎಂದರಂತೆ. ಮಣ್ಣು ಮುಗಿದ ಮೇಲೆ ಹೇಳುವ ಮಾತು ಅದು.

ಬಾಗಿಲಲ್ಲಿ ನಿಂತು ಕೂಗಿದರೆ ಸದ್ದಿನಲ್ಲಿ ಕೇಳದು. ಮುನಿಕೃಷ್ಣ ಮನೆಯೊಳಗೆ ಕೂತಿದ್ದ ಹೆಂಗಸರ ನಡುವೆ ಹೋಗಿ ಅರುಣಾಳ ಕಿವಿಯ ಹತ್ತಿರ ಬಾಗಿ ಹೇಳಿದ. ಅವಳು ಅವನ ಮುಖ ನೋಡಿದಳು. ಎದ್ದಳು. ಬಚ್ಚಲ ಕಡೆ ಹೋಗಲಿಲ್ಲ, ಹೊಸ್ತಿಲು ದಾಟಿ ಬೀದಿಗೆ ಇಳಿದಳು. ಹಿಂದೆ ಅಮ್ಮಯಮ್ಮ, “ಹೆಣ್ಣೆಂಗಸರು ಹೋಗಬಾರದು ಕಣೇ ಅಲ್ಲಿಗೆ” ಎನ್ನುತ್ತಲೇ ಸೆರಗು ಸಿಕ್ಕಿಸಿಕೊಂಡು ಹೊರಟಳು.

ನಮ್ಮ ಮಗ್ಗದ ಮನೆಗಳ ಬಾಗಿಲು ಗಾಳಿಗೆಂದು ತೆರೆದೇ ಇರುತ್ತವೆ. ತಲೆ ಕೆದರಿದ ಅರುಣಾ ಬೀದಿಯ ನಡುವೆ ಬರಿಗಾಲಲ್ಲಿ ನಡೆದುಹೋಗುವುದನ್ನು ಮೊದಲು ಕಂಡವನು ಚಿನ್ನಸ್ವಾಮಿ. ಅವನ ಮಗ್ಗಗಳು ನಿಂತವು. ಅವಳು ದಾಟಿದ ಹಾಗೆ ಎಡದ ಮನೆ, ಬಲದ ಮನೆ, ಮುಂದಿನ ಮನೆ ನಿಲ್ಲುತ್ತ ಬಂದವು. ಅವಳು ಮೂಲೆ ತಲುಪುವಷ್ಟರಲ್ಲಿ ಬೀದಿಯಲ್ಲಿ ಅಮ್ಮಯಮ್ಮನ ಏದುಸಿರು ಬಿಟ್ಟರೆ ಏನೂ ಇರಲಿಲ್ಲ. ಅವಳು ಒಮ್ಮೆಯೂ ಹಿಂದೆ ತಿರುಗಲಿಲ್ಲ. ನಾವೆಲ್ಲ ಸ್ವಲ್ಪ ದೂರ ಬಿಟ್ಟು ಹಿಂಬಾಲಿಸಿದೆವು.

ಅಲ್ಲಿ ಮಣ್ಣು ಇನ್ನೂ ಆಗಿರಲಿಲ್ಲ. ಗುಂಡಿಯನ್ನು ಮನುಷ್ಯನ ಅಳತೆಗೆ ತೋಡಿದ್ದರು, ಪೆಟ್ಟಿಗೆಯ ಅಳತೆಗಲ್ಲ. ಆಳು ಅದನ್ನು ಅಗಲ ಮಾಡುತ್ತಿದ್ದ. ನರಸಿಂಹಯ್ಯ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಿದ್ದರು. ಬೀದಿಯ ಸದ್ದು ಏರಿಯ ತನಕ ಬರುತ್ತದೆ. ಅದು ನಿಂತದ್ದು ಅವರಿಗೆ ತಿಳಿದಿರಬೇಕು. ಸೊಸೆ ಬಂದದ್ದನ್ನೂ ನಾವು ಬಂದದ್ದನ್ನೂ ನೋಡಿದರು.

“ಒಂದ್ಸಲ ತೆಗೀರಿ” ಎಂದಳು ಅರುಣಾ.

“ತೆಗೀಬಾರದು ಅಂತ ಅಲ್ಲೇ ಹೇಳಿ ಕಳಿಸಿದ್ದಾರಕ್ಕ. ತುಂಬಾ ದಿನ ಆಗೋಗಿದೆ” ಎಂದ ಮುನಿಕೃಷ್ಣ ನೆಲ ನೋಡುತ್ತ.

ನಾಲ್ಕು ಜನ ಪೆಟ್ಟಿಗೆ ಎತ್ತಿದರು. ಗುಂಡಿಯ ಅಂಚಿಗೆ ತಂದು ನಿಂತರು, ನಿಂತೇ ಇದ್ದರು. ತಲೆ ದಕ್ಷಿಣಕ್ಕಿರಬೇಕು. ತಲೆ ಯಾವ ಕಡೆ?

ಮೇಲೆ ಅಂಟಿಸಿದ ಕಾಗದದಲ್ಲಿ ರಿಯಾದ್, ಬೊಂಬಾಯಿ, ಬೆಂಗಳೂರು ಎಂದಿತ್ತು. ಇಷ್ಟು ಕಿಲೋ ಎಂದಿತ್ತು. ಮೇಲ್ಮುಖವಾಗಿ ಒಂದು ಬಾಣದ ಗುರುತಿತ್ತು. ಎಲ್ಲರೂ ಪಿಳ್ಳಣ್ಣನ ಕಡೆ ನೋಡಿದರು. ಪಿಳ್ಳಣ್ಣ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಬಾಣವನ್ನು ಮುಟ್ಟಿ ನೋಡಿ, “ಇದು ಮಗುಚಿ ಹಾಕಬೇಡಿ ಅನ್ನೋದಕ್ಕೆ” ಎಂದು ಹಿಂದೆ ಸರಿದ.

ಬೇರೆ ದಾರಿ ಇರಲಿಲ್ಲ. ಒಂದು ತುದಿಯ ಹಲಗೆಯ ಮೊಳೆ ಕಿತ್ತರು. ನರಸಿಂಹಯ್ಯ ಮುಖ ತಿರುಗಿಸಿದರು. ಅರುಣಾ ಹತ್ತಿರ ಬಂದು ಬಾಗಿದಳು. ಸುತ್ತಿದ ಬಿಳಿ ಬಟ್ಟೆಯ ಅಂಚನ್ನು ಆಳು ಸರಿಸಿದ.

ಪಾದಗಳು.

“ಸರಿ, ತಲೆ ಆ ಕಡೆ” ಎಂದು ಯಾರೋ ಅಂದರು. ದಿಕ್ಕಿಗೆ ಅಷ್ಟು ಸಾಕಾಗಿತ್ತು. ಅರುಣಾ ಕೈ ಚಾಚಿ ಒಂದು ಪಾದವನ್ನು ಹಿಡಿದುಕೊಂಡಳು. ಮೊಳೆ ಹೊಡೆಯುವವನು ಸುತ್ತಿಗೆ ಹಿಡಿದು ಕಾದ. ಅಮ್ಮಯಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎಬ್ಬಿಸಿ, ಪಕ್ಕಕ್ಕೆ ಕರೆದುಕೊಂಡು ಹೋದಳು.

ಮಾರನೆಯ ಬೆಳಗ್ಗೆ ಬೀದಿಯಲ್ಲಿ ಒಂದು ಮಗ್ಗವೂ ಶುರುವಾಗಲಿಲ್ಲ. ಮೊದಮೊದಲು ಎಲ್ಲರೂ ಮರ್ಯಾದೆಗೆಂದು ಸುಮ್ಮನಿದ್ದರು. ಬಿಸಿಲೇರಿದ ಮೇಲೆ ತೊಡಕು ಏನೆಂದು ತಿಳಿಯಿತು. ಹೆಣ ಬೀದಿ ದಾಟುವ ತನಕ ನಿಲ್ಲಿಸಬೇಕು ಎಂಬುದು ಮಾತು. ಈ ಹೆಣ ಬೀದಿಗೆ ಬರಲೇ ಇಲ್ಲ, ಇನ್ನು ದಾಟುವುದು ಯಾವಾಗ? ನಿಲ್ಲಿಸುವುದು ಎಲ್ಲರಿಗೂ ಗೊತ್ತಿತ್ತು. ಯಾವ ಗಳಿಗೆಗೆ ಶುರುಮಾಡಬೇಕೆಂದು ಹೇಳಲು ಹಿರಿಯರ ಮಾತಿನಲ್ಲೂ ಏನಿರಲಿಲ್ಲ, ಅಟ್ಲಾಸಿನಲ್ಲೂ ಏನಿರಲಿಲ್ಲ.

ಚಿನ್ನಸ್ವಾಮಿ ಬಂದು ಜಗುಲಿಯ ಕೆಳಗೆ, ಬೀದಿಯಲ್ಲೇ ನಿಂತ. ಮೇಲೆ ಬರಲಿಲ್ಲ. ನರಸಿಂಹಯ್ಯ ಕಂಬಕ್ಕೆ ಒರಗಿ ಕೂತಿದ್ದರು. ಬಾಗಿಲಲ್ಲಿ ಅರುಣಾ ಇದ್ದಳು, ಬರಿಗೈ, ಬರಿಹಣೆ.

“ನರಸಿಂಹಣ್ಣ, ತಪ್ಪಾಯ್ತು” ಎಂದ ಚಿನ್ನಸ್ವಾಮಿ. “ನೀವು ಎಷ್ಟು ದಿನ ಅಂತೀರೋ ಅಷ್ಟು ದಿನ ನಿಲ್ಲಿಸ್ತೀವಿ. ತಿಂಗಳಾದ್ರೂ ಸರಿ. ಬಾಯಿಬಿಟ್ಟು ಒಂದು ಮಾತು ಹೇಳ್ಬಿಡಿ.”

ನರಸಿಂಹಯ್ಯ ಕೇಳಿದ್ದ ಮೌನ ಅವರ ಮುಂದೆ ಇಡೀ ಬೀದಿಯ ಉದ್ದಕ್ಕೂ ಬಿದ್ದಿತ್ತು. ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿದಂತೆ ಕಾಣಲಿಲ್ಲ.

“ಶುರು ಮಾಡ್ಕೊಳ್ಳಿ ಅಣ್ಣ” ಎಂದಳು ಅರುಣಾ. “ಅವರು ಈ ಬೀದಿಗೆ ಬರಲೇ ಇಲ್ವಲ್ಲ. ಯಾರಿಗೋಸ್ಕರ ನಿಲ್ಲಿಸ್ತೀರಿ?”

ಅವಳು ಚಿನ್ನಸ್ವಾಮಿಗೆ ಹೇಳಿದಳು. ಅವನ ಕಡೆ ನೋಡಿ ಹೇಳಲಿಲ್ಲ.

ಚಿನ್ನಸ್ವಾಮಿ ಮಾವನ ಮುಖವನ್ನೂ ಸೊಸೆಯ ಮುಖವನ್ನೂ ನೋಡಿ, ಬೀದಿ ದಾಟಿ ತನ್ನ ಮನೆಗೆ ಹೋದ. ಮೊದಲು ಅವನ ಒಂದು ಮಗ್ಗ ಶುರುವಾಯಿತು, ಆಮೇಲೆ ಇನ್ನೊಂದು. ಪಕ್ಕದ ಮನೆಯವರು ಕಾದು ನೋಡಿ ಹಾಕಿದರು. ಸದ್ದು ಕೂಡುತ್ತ ಬಂತು. ನರಸಿಂಹಯ್ಯ ಕಂಬ ಹಿಡಿದು ಎದ್ದು, ಅರುಣಾಳ ಕಡೆ ತಿರುಗಿ ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಅವಳು ಏನೆಂದು ಕೇಳದೆ ಒಳಗೆ ಹೋದಳು.